ಅರ್ಜಿದಾರರ ಸ್ವಂತ ಸಹಿ

ಗುರುಚರಣ ವಕೀಲನಲ್ಲ ಎಂಬುದು ತಿರುವಲ್ಲಿಕ್ಕೇಣಿಯ ಅವನ ಬೀದಿಯಲ್ಲಿ ಇಬ್ಬರಿಗೆ ಮಾತ್ರ ಖಚಿತವಾಗಿ ಗೊತ್ತಿತ್ತು: ಅವನಿಗೆ ಮತ್ತು ಅವನ ತಂಗಿ ಸಂಹಿತಾಗೆ. ಉಳಿದವರು ಅವನ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಂಕುಳಲ್ಲಿನ ಕಾಗದದ ಕಟ್ಟು ನೋಡಿ ತಮ್ಮ ಮನೆ ಖಾಲಿ ಮಾಡಿಸುವ ಕೇಸು, ಅಳಿಯನ ಕೇಸು ಎಲ್ಲ ಅವನ ಮುಂದೆ ತೋಡಿಕೊಳ್ಳುತ್ತಿದ್ದರು. ಅವನೂ ಗಲ್ಲ ಸವರಿಕೊಂಡು, "ಸ್ವಲ್ಪ ಕಾಂಪ್ಲಿಕೇಟೆಡ್ ಇದೆ" ಎನ್ನುತ್ತಿದ್ದ. ಅದು ಅವನಿಗೆ ಗೊತ್ತಿದ್ದ ಏಕೈಕ ಕಾನೂನು ಸಲಹೆ. ಯಾವ ಕೇಸಿಗೂ ಅದು ಹೊಂದುತ್ತಿತ್ತು.

ಕಾನೂನು ಕಾಲೇಜಿಗೆ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಪಟ್ಟಿಯಲ್ಲಿ ಹೆಸರು ಕಾಣದೆ, ಅವನು ತೊಂಬತ್ತೇಳರಲ್ಲಿ ತಂಬುಚೆಟ್ಟಿ ಬೀದಿಯ ವಕೀಲ ವಿಷ್ಣುಮೂರ್ತಿಗಳ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. ಟೈಪು ಮಾಡುವುದು, ಜೆರಾಕ್ಸ್ ಮಾಡಿಸುವುದು, ದಾರ ಕಟ್ಟುವುದು, ರಸ್ತೆ ದಾಟಿ ಹೈಕೋರ್ಟಿಗೆ ಹೊರುವುದು. ಇಷ್ಟರಲ್ಲಿ ಅವನಿಗೆ ತನ್ನದು ಎನಿಸುತ್ತಿದ್ದದ್ದು ಒಂದೇ ವಸ್ತು, ಒಂದು ರಬ್ಬರ್ ಮುದ್ರೆ. 'ನಿಜಪ್ರತಿ' ಎಂದು ಮೇಲೆ, 'ಅರ್ಜಿದಾರರ ಪರ ವಕೀಲರು' ಎಂದು ಕೆಳಗೆ, ನಡುವೆ ಸಹಿಗೆ ಜಾಗ, ಎಲ್ಲ ಇಂಗ್ಲಿಷಿನಲ್ಲಿ. ಎದುರು ಪಕ್ಷಕ್ಕೆ ಕೊಡುವ ಪ್ರತಿಯೊಂದು ನಕಲಿನ ಕೊನೆಯ ಹಾಳೆಗೂ ಇದನ್ನು ಒತ್ತಬೇಕು; ಸಾರ್ ಸಹಿ ಹಾಕುತ್ತಾರೆ; ಮುಗಿಯಿತು. ಗುರುಚರಣ ಮುದ್ರೆ ಒತ್ತುವಾಗ ಇಡೀ ಮೇಜು ಅದುರುತ್ತಿತ್ತು. "ಕೇಸು ಗೆದ್ದ ಹಾಗೆ ಒತ್ತಬೇಡವೋ, ಫೈಲಿಂಗ್ ಅಷ್ಟೇ" ಎಂದು ವಿಷ್ಣುಮೂರ್ತಿ ಒಳಗಿನಿಂದ ಹೇಳುತ್ತಿದ್ದರು.

ಎರಡು ಸಾವಿರದ ಒಂದರ ವಿಧಾನಸಭಾ ಚುನಾವಣೆ ಮುಗಿದು ಒಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅಂಬುಜಮ್ಮ ಆ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಅರವತ್ತಮೂರು ವರ್ಷ, ಒಂಬತ್ತು ಗಜದ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಮೂವತ್ತಮೂರು ವರ್ಷ ಆಡಿಟ್ ಮಾಡಿ ನಿವೃತ್ತರಾದವರು. ಊರಿನ ದಕ್ಷಿಣದ ತುದಿಯಲ್ಲಿ, ವಿಮಾನ ನಿಲ್ದಾಣದ ಆಚೆ, ದೊಡ್ಡ ರಸ್ತೆಗೆ ಮುಖ ಮಾಡಿದ ಮನೆ. ಪ್ರಚಾರದ ಇಪ್ಪತ್ತು ದಿನವೂ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಗೆದ್ದ ಅಭ್ಯರ್ಥಿಯ ಪ್ರಚಾರದ ವ್ಯಾನುಗಳ ನಂಬರು, ದಿನ, ಗಂಟೆ, ಧ್ವನಿವರ್ಧಕ ಎಷ್ಟು ಎಂದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ನಲವತ್ತೊಂದು ವ್ಯಾನು. ಗೆದ್ದವರು ಚುನಾವಣಾ ಅಧಿಕಾರಿಗೆ ಸಲ್ಲಿಸಿದ ಖರ್ಚಿನ ಪಟ್ಟಿಯನ್ನೂ ಹೋಗಿ ನಕಲು ತಂದಿದ್ದರು. ಅದರಲ್ಲಿ ಆರು ವ್ಯಾನು.

"ನೀವು ಯಾವ ಪಕ್ಷ ಅಮ್ಮಾ?" ವಿಷ್ಣುಮೂರ್ತಿ ಕೇಳಿದರು.

"ನಾನು ಓಟರು."

"ಅಲ್ಲ, ನಿಮ್ಮ ಹಿಂದೆ ಯಾರಿದಾರೆ ಅಂತ."

ಅಂಬುಜಮ್ಮ ನಿಜವಾಗಿಯೇ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಗುರುಚರಣ ನಿಂತಿದ್ದ. "ಇವನು ಇದಾನೆ," ಎಂದರು.

ಗೆಲುವನ್ನು ಪ್ರಶ್ನಿಸಲು ಸೋತ ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಯಾವ ಮತದಾರರಾದರೂ ಸರಿ. ಫಲಿತಾಂಶದಿಂದ ನಲವತ್ತೈದು ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಒಬ್ಬ ನ್ಯಾಯಮೂರ್ತಿ ಸಾಕ್ಷಿ ಕರೆಸಿ ವಿಚಾರಿಸುತ್ತಾರೆ. ಮಿತಿ ಮೀರಿ ಖರ್ಚು ಮಾಡಿದ್ದು ಸಾಬೀತಾದರೆ ಗೆಲುವು ರದ್ದು. ಇಷ್ಟನ್ನೂ ವಿಷ್ಣುಮೂರ್ತಿ ವಿವರಿಸಿ, ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಆದರೆ ಅಮ್ಮಾ, ಅವರು ಬಂದು ಏನಂತಾರೆ ಗೊತ್ತಾ? ಆರು ನಂದು, ಮೂವತ್ತೈದು ಪಕ್ಷದ್ದು. ಪಕ್ಷ ಮಾಡಿದ ಖರ್ಚು ಅಭ್ಯರ್ಥಿ ಲೆಕ್ಕಕ್ಕೆ ಬರಲ್ಲ. ಕಾನೂನೇ ಹಾಗಿದೆ."

"ಅವನು ಅದೇ ವ್ಯಾನ್ ಮೇಲೆ ನಿಂತ್ಕೊಂಡು ಕೈ ಮುಗೀತಿದ್ದ. ಇಪ್ಪತ್ತಮೂರನೇ ವ್ಯಾನು, ಏಪ್ರಿಲ್ ಮೂವತ್ತು, ಬರೆದಿದೀನಿ ನೋಡಿ."

"ಅದನ್ನೇ ಜಡ್ಜ್ ತೀರ್ಮಾನ ಮಾಡ್ಬೇಕು. ನಿಂತ್ಕೊಂಡವನದ್ದಾ, ಪೆಟ್ರೋಲ್ ಹಾಕಿದವನದ್ದಾ ಅಂತ."

"ಮಾಡ್ಲಿ. ಮಿತಿ ಅಂತ ಒಂದು ಬರೆದಿಟ್ಟು ಆಮೇಲೆ ಅದಕ್ಕೊಂದು ಹಿತ್ತಲ ಬಾಗಿಲು ಇಟ್ಟಿದಾರಲ್ಲ, ಅದು ಇದೆಯಾ ಇಲ್ಲವಾ ಅಂತ ಒಬ್ಬರು ಜಡ್ಜ್ ಬಾಯಲ್ಲಿ ಕೇಳ್ಬೇಕು. ಅಷ್ಟೇ. ಇಲ್ಲ ಅಂದ್ರೆ ಇಲ್ಲ ಅಂತಾದ್ರೂ ಹೇಳ್ಲಿ."

ಆ ಹತ್ತು ದಿನ ಗುರುಚರಣ ನೂರ ಹನ್ನೆರಡು ಪುಟ ಟೈಪು ಮಾಡಿದ. ನಲವತ್ತೊಂದು ವ್ಯಾನುಗಳು ಅವನ ಕನಸಿನಲ್ಲೂ ಹಾರ್ನ್ ಮಾಡುತ್ತ ಓಡಾಡಿದವು. ಅಂಬುಜಮ್ಮ ದಿನಾ ಬಂದು ಪಕ್ಕದಲ್ಲಿ ಕೂತು ಒಂದೊಂದು ನಂಬರನ್ನೂ ಬೆರಳಿಟ್ಟು ತಾಳೆ ನೋಡುತ್ತಿದ್ದರು. ನಡುವೆ ಅವಲಕ್ಕಿ ಡಬ್ಬಿ ತೆಗೆದು ಅವನ ಮುಂದಿಡುತ್ತಿದ್ದರು.

"ನೀನೂ ವಕೀಲಿಕೆ ಓದಿದೀಯೇನೋ?"

"ಹತ್ತಿರ ಹತ್ತಿರ, ಮಾಮಿ."

"ಎಷ್ಟು ಹತ್ತಿರ?"

"ಕಾಲೇಜಿನ ಗೇಟಿನ ತನಕ."

ಜೂನ್ ಇಪ್ಪತ್ತೆರಡು ಶುಕ್ರವಾರ, ಲೆಕ್ಕಕ್ಕೆ ನಲವತ್ತನೇ ದಿನ, ಅರ್ಜಿ ಸಿದ್ಧವಾಯಿತು. ಮೂಲಪ್ರತಿಯ ನೂರ ಹನ್ನೆರಡು ಹಾಳೆಗೂ ಅಂಬುಜಮ್ಮ ಸಹಿ ಹಾಕಬೇಕಿತ್ತು. ಅವರು ಒಂದೊಂದನ್ನೂ ಮತ್ತೆ ಓದಿಯೇ ಸಹಿ ಹಾಕಿದರು. ನೋಟರಿ ಬಂದು ಪ್ರಮಾಣಪತ್ರಕ್ಕೆ ಮೊಹರು ಹಾಕಿ ಹೋದ. ಇಷ್ಟಾಗುವಾಗ ಮಧ್ಯಾಹ್ನ ಎರಡು ದಾಟಿತ್ತು. ಶುಕ್ರವಾರ ಪಲ್ಲಾವರಂ ಸಂತೆ. ಅವರಿಗೆ ಬೀಚ್ ಸ್ಟೇಷನ್ನಿನಿಂದ ರೈಲು ಹಿಡಿದು ಸಂತೆ ಮುಗಿಸಿಕೊಂಡೇ ಮನೆಗೆ ಹೋಗಬೇಕು.

"ಇನ್ನೆಲ್ಲಾದರೂ ಸಹಿ ಇದೆಯೇನೋ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

ಗುರುಚರಣ ಆಗ ಗೆದ್ದವರಿಗೆ ಹೋಗಬೇಕಾದ ಜೆರಾಕ್ಸ್ ನಕಲನ್ನು ಜೋಡಿಸುತ್ತಿದ್ದ. ಮುದ್ರೆ ಕೈಯಲ್ಲಿತ್ತು. "ಇಲ್ಲ ಮಾಮಿ, ನೀವು ಹೊರಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದ. ನಾಲ್ಕು ವರ್ಷದಲ್ಲಿ ಯಾರಿಗೂ ಅಷ್ಟು ದೊಡ್ಡ ದನಿಯಲ್ಲಿ ಭರವಸೆ ಕೊಟ್ಟಿರಲಿಲ್ಲ.

ಅವರು ಇಳಿದು ಹೋದರು. ಅವನು ಕೊನೆಯ ಹಾಳೆಗೆ ಮುದ್ರೆ ಒತ್ತಿ ಒಳಗೆ ಸಾರ್ ಮುಂದೆ ಇಟ್ಟ. ವಿಷ್ಣುಮೂರ್ತಿ ಫೋನಿನಲ್ಲಿ ಗ್ಯಾಸ್ ಏಜೆನ್ಸಿಯವನ ಜೊತೆ ಸಿಲಿಂಡರಿಗಾಗಿ ವಾದಿಸುತ್ತಿದ್ದರು. ಆ ವಾದದಲ್ಲಿ ಸೋಲುತ್ತಲೇ ಮುದ್ರೆಯ ನಡುವೆ ಸಹಿ ಹಾಕಿದರು. ನಾಲ್ಕು ಗಂಟೆಗೆ ನಕಲಿನ ಸಮೇತ ಅರ್ಜಿ ದಾಖಲಾಯಿತು. ಐದು ದಿನ ಬಾಕಿ ಇರುವಾಗಲೇ ಮುಗಿಸಿದೆ ಎಂದು ಗುರುಚರಣ ತನಗೆ ತಾನೇ ಎರಡು ಪ್ಲೇಟು ಈರುಳ್ಳಿ ಬಜ್ಜಿ ಕೊಡಿಸಿಕೊಂಡ.

ಜುಲೈ ಎರಡನೇ ವಾರ ನ್ಯಾಯಾಲಯ ಗೆದ್ದವರಿಗೆ ನೋಟಿಸು ಹೊರಡಿಸಿತು. ವಕೀಲರ ಕಚೇರಿಯಿಂದಲೂ ತಲುಪಿಸಬಹುದು ಎಂದು ಅನುಮತಿ ಸಿಕ್ಕಿದ್ದರಿಂದ, ಆ ನಕಲಿನ ಕಟ್ಟು ವಾಪಸು ಗುರುಚರಣನ ಮೇಜಿಗೆ ಬಂತು. ಅದನ್ನು ಸೋಮವಾರ ಗೆದ್ದವರ ಮನೆಗೆ ಒಯ್ದು ಕೊಡಬೇಕಿತ್ತು.

ಆ ವಾರ ಮನೆಯಲ್ಲಿ ಅವನು ಚುನಾವಣಾ ಕಾನೂನಿನ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡಿದ್ದ. ಸಂಹಿತಾ ದೋಸೆಯಿಂದ ತಲೆ ಎತ್ತದೆ ತಮಿಳಿನಲ್ಲಿ ಕೇಳಿದಳು: "ಅಂದ ಬುಕ್ಕೆ ಎಪ್ಪವಾವದು ತೊರಂದು ಪಾತ್ತಿರುಕ್ಕಿಯಾ ಅಣ್ಣಾ, ಇಲ್ಲೆ ತೂಕರದು ಮಟ್ಟುಮ್‌ದಾನಾ?" ಆ ಪುಸ್ತಕ ತೆರೆದು ನೋಡಿದ್ದುಂಟಾ, ಇಲ್ಲ ಹೊರುವುದು ಮಾತ್ರವಾ ಎಂದು. ತಂಗಿಗೆ ತಕ್ಕ ಉತ್ತರ ಕೊಡಬೇಕೆಂಬ ಒಂದೇ ಕಾರಣಕ್ಕೆ ಅವನು ಮರುದಿನ ಊಟದ ಹೊತ್ತಿನಲ್ಲಿ ವಿಷ್ಣುಮೂರ್ತಿಗಳ ಕಪಾಟಿನಿಂದ ಆ ಕಾಯ್ದೆಯ ಪುಸ್ತಕ ತೆಗೆದ. ಜ್ಞಾನದ ದಾಹ ಎಂದು ಹೇಳಿಕೊಳ್ಳಲು ಅವನಿಗೂ ಧೈರ್ಯವಿರಲಿಲ್ಲ.

ನಕಲುಗಳ ಬಗ್ಗೆ ಒಂದು ಸಾಲಿತ್ತು. ಪ್ರತಿವಾದಿಗೆ ಕೊಡುವ ಪ್ರತಿಯೊಂದು ನಕಲನ್ನೂ ಅರ್ಜಿದಾರರು ತಮ್ಮ ಸ್ವಂತ ಸಹಿಯಿಂದ ನಿಜಪ್ರತಿ ಎಂದು ದೃಢೀಕರಿಸಬೇಕು. ವಕೀಲರಲ್ಲ, ಅರ್ಜಿದಾರರು. ಕೆಲವು ಹಾಳೆ ಮುಂದೆ ಇನ್ನೊಂದು ಸಾಲು: ಹಾಗೆ ಮಾಡದ ಅರ್ಜಿಯನ್ನು ಹೈಕೋರ್ಟು ವಜಾ ಮಾಡತಕ್ಕದ್ದು.

ಮತ್ತೆ ಓದಿದ. ಮೂರನೇ ಸಲ ಓದಿದರೆ ಬದಲಾಗಬಹುದೇನೋ ಎಂದು ಮೂರನೇ ಸಲವೂ ಓದಿದ. ಆಮೇಲೆ ಮೇಜಿನ ಮೇಲಿದ್ದ ಕಟ್ಟು ಬಿಚ್ಚಿ ಕೊನೆಯ ಹಾಳೆ ನೋಡಿದ. ಅಲ್ಲಿ ಅವನ ಮುದ್ರೆ ದಟ್ಟವಾಗಿ, ಒಂದಕ್ಷರವೂ ಮಾಸದೆ ಕೂತಿತ್ತು. ಅಂಬುಜಮ್ಮನ ಸಹಿ ಇದ್ದದ್ದು ಜೆರಾಕ್ಸಿನಲ್ಲಿ ಮಾತ್ರ. ಬೇರೆ ಎಲ್ಲ ಬಗೆಯ ಕೇಸಿಗೂ ವಕೀಲರ ಸಹಿ ಸಾಕಾಗುತ್ತದೆ, ಇದೊಂದಕ್ಕೆ ಸಾಲದು. ಸಾವಿರ ಕಟ್ಟುಗಳಲ್ಲಿ ಸರಿಯಾಗಿದ್ದ ಕೈರೂಢಿ ಸಾವಿರದ ಒಂದನೆಯದರಲ್ಲಿ ತಪ್ಪು. ನಲವತ್ತೈದನೇ ದಿನ ದಾಟಿ ಹದಿನೈದು ದಿನ ಆಗಿತ್ತು. ಬಜ್ಜಿ ತಿಂದ ದಿನ ಗೊತ್ತಾಗಿದ್ದರೆ ಸರಿಪಡಿಸಲು ಐದು ದಿನ ಇತ್ತು.

ಆ ಮಧ್ಯಾಹ್ನ ಅವನು ಕೂರಲಾರದೆ, ಕೆಲಸವಿಲ್ಲದಿದ್ದರೂ ಹೈಕೋರ್ಟಿನ ಕಾರಿಡಾರುಗಳಲ್ಲಿ ನಾಲ್ಕು ಸುತ್ತು ಹಾಕಿದ. ಪ್ಯಾರೀಸ್ ಕಾರ್ನರಿನ ತನಕ ಹೋಗಿ ಯಾಕೆ ಬಂದೆ ಎಂದು ತಿಳಿಯದೆ ಒಂದು ಡಜನ್ ಬಾಲ್‌ಪೆನ್ನು ಕೊಂಡು ವಾಪಸು ಬಂದ. ತಲೆಯಲ್ಲಿ ಒಂದು ಯೋಚನೆ ಸುತ್ತುತ್ತಿತ್ತು, ಅದನ್ನು ಯೋಚನೆ ಎಂದು ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ: ಕಟ್ಟು ಇರುವುದು ನನ್ನ ಮೇಜಿನ ಮೇಲೆ. ಸೋಮವಾರದ ತನಕ ಯಾರೂ ಅದನ್ನು ನೋಡುವುದಿಲ್ಲ. ಒಂದು ಸಹಿ ಬಿದ್ದರೆ ಸಾಕು.

ಮರುದಿನ, ಜುಲೈ ಹದಿಮೂರು, ಶುಕ್ರವಾರ ಸಂಜೆ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದ. ಅಂಬುಜಮ್ಮ ಸಂತೆಯಿಂದ ಆಗತಾನೇ ಬಂದು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಏನೋ ಇಷ್ಟು ದೂರ? ಕಾಫಿ ಕುಡಿ, ಆಮೇಲೆ ಹೇಳು."

"ಒಂದು ಸಣ್ಣ ಸಹಿ ಬಾಕಿ ಇತ್ತು, ಮಾಮಿ."

"ಅವತ್ತು ಕೇಳಿದೆನಲ್ಲ ನಾನು."

"ಕೇಳಿದಿರಿ." ಅವನು ಹಾಳೆ ತೆಗೆದು, ತನ್ನ ಮುದ್ರೆಯ ಪಕ್ಕದ ಖಾಲಿ ಜಾಗ ತೋರಿಸಿದ. ಅಲ್ಲಿ ನಿಜಪ್ರತಿ ಎಂದು ಬರೆದು ಸಹಿ ಹಾಕಿದರೆ ಆಯಿತು ಎಂದ. ಹೊಸ ಬಾಲ್‌ಪೆನ್ನು ಕೊಟ್ಟ.

ಅಂಬುಜಮ್ಮ ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಮುಚ್ಚಳ ತೆಗೆದರು. "ತಾರೀಖು?"

"ಜೂನ್ ಇಪ್ಪತ್ತೆರಡು ಅಂತ ಹಾಕಿ."

"ಇವತ್ತು ಎಷ್ಟು?"

ಗುರುಚರಣ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಅದು ಕೂಡ ಅವನ ಪರವಾಗಿರಲಿಲ್ಲ. "ಹದಿಮೂರು," ಎಂದ.

"ಜುಲೈ."

"ಜುಲೈ."

ಅವರು ಪೆನ್ನಿಗೆ ಮುಚ್ಚಳ ಹಾಕಿ ಅವನ ಕೈಗೆ ವಾಪಸು ಕೊಟ್ಟರು. ಮತ್ತೆ ಸೊಪ್ಪಿನ ಕಂತೆ ಎತ್ತಿಕೊಂಡರು. "ಈಗ ನಿಜ ಹೇಳು."

ಹೇಳಿದ. ಎಲ್ಲ ಹೇಳಿದ, ಬಜ್ಜಿಯ ತನಕ. ಒಂದು ಸಹಿ ಇಲ್ಲದಿದ್ದರೆ ನಲವತ್ತೊಂದು ವ್ಯಾನೂ ಹೋಯಿತು ಎಂದ. ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದ. ಹೇಳುವಾಗ ದನಿ ಸಣ್ಣದಾಯಿತು.

"ನಿನಗೆ ಗೊತ್ತು, ನನಗೆ ಗೊತ್ತು. ಇಬ್ಬರು ಸಾಲದೇನೋ?" ಎಂದರು ಅಂಬುಜಮ್ಮ. "ಅವನು ನಲವತ್ತೊಂದು ಓಡಿಸಿ ಆರು ಅಂತ ಬರೆದ. ನಾನು ಜುಲೈಲಿ ಸಹಿ ಹಾಕಿ ಜೂನ್ ಅಂತ ಬರೀಲಾ? ಆಮೇಲೆ ಬೋನಿನಲ್ಲಿ ನಿಂತ್ಕೊಂಡು ಅವನ ಲೆಕ್ಕ ಸುಳ್ಳು ಅಂತ ಯಾವ ಮುಖದಲ್ಲಿ ಹೇಳ್ಲಿ? ಮೂವತ್ತಮೂರು ವರ್ಷ ಹಿಂದಿನ ತಾರೀಖು ಹಾಕಿದವರನ್ನ ಹುಡುಕಿ ಹುಡುಕಿ ಬರೆದವಳು ಕಣೋ ನಾನು. ಎಷ್ಟು ಜನದ ಇನ್‌ಕ್ರಿಮೆಂಟ್ ನಿಲ್ಲಿಸಿದೀನಿ ಗೊತ್ತಾ?"

"ಕೇಸು ಹೋಗತ್ತೆ ಮಾಮಿ."

"ಹೋಗ್ಬೋದು." ಅವರ ಬೆರಳು ಒಂದು ಕ್ಷಣ ನಿಂತಿತು. "ನಾಳೆ ನಿಮ್ಮ ಸಾರ್ ಹತ್ರ ಹೇಳು. ನಾನು ಹೇಳಲ್ಲ. ನೀನೇ ಹೇಳ್ಬೇಕು." ಆಮೇಲೆ, ಅವನು ಚಪ್ಪಲಿ ಹಾಕಿಕೊಳ್ಳುವಾಗ, "ಕಾಫಿ ಕುಡೀಲಿಲ್ಲ ನೀನು," ಎಂದರು. ಅದರಲ್ಲೇ ಅವರ ಕೋಪವೂ ಇತ್ತು.

ಶನಿವಾರ ವಿಷ್ಣುಮೂರ್ತಿಗಳಿಗೆ ಹೇಳಿದ. ಅವರು ಬೈದುಬಿಡುತ್ತಾರೆ, ಕೆಲಸ ಹೋಗುತ್ತದೆ, ಒಂದು ಲೆಕ್ಕ ಮುಗಿಯುತ್ತದೆ ಎಂದು ಅವನು ರೈಲಿನಲ್ಲೇ ತಯಾರಾಗಿದ್ದ. ಅವರು ಪುಸ್ತಕ ತೆಗೆದು ಆ ಸಾಲು ಓದಿದರು. ಆಮೇಲೆ ನಕಲಿನ ಕೊನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಸಹಿ ಯಾರದ್ದೋ ಇದು?"

"ನಿಮ್ಮದು ಸಾರ್."

"ಹಾಗಾದ್ರೆ ನಿನ್ನ ಬೈದು ನಾನೇನು ಮಾಡ್ಲಿ." ಹಾಳೆಯನ್ನು ಕೆಳಗಿಟ್ಟರು. "ಇರೋ ಹಾಗೇ ಒಯ್ದು ಕೊಡು. ಹೋಗು."

ಬೈಸಿಕೊಳ್ಳದೆ ಹೊರಬಂದ ಗುರುಚರಣನಿಗೆ ಆಮೇಲೆ ತಿಂಗಳುಗಟ್ಟಲೆ ಒಂದೆಡೆ ನಿಲ್ಲಲಾಗಲಿಲ್ಲ. ಗೆದ್ದವರ ಮನೆಗೆ ಕಟ್ಟು ಕೊಟ್ಟು ಬಂದ. ಅಲ್ಲಿ ಅಂಗಳದಲ್ಲಿ ಒಂದು ವ್ಯಾನು ನಿಂತಿತ್ತು, ನಂಬರು ನೋಡಿದ, ಹದಿನೇಳನೆಯದು. ನೋಡಿದ್ದು ಯಾವ ಪ್ರಯೋಜನಕ್ಕೂ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಅದು ಇನ್ನಷ್ಟು ಚುಚ್ಚಿತು. ಎದುರಿನವರು ಗಮನಿಸದೆಯೂ ಹೋಗಬಹುದು ಎಂದು ಒಂದು ತಿಂಗಳು ಆಸೆಯಿಟ್ಟುಕೊಂಡ. ಎದುರಿನವರು ಒಬ್ಬ ಸೀನಿಯರ್ ವಕೀಲರನ್ನೂ ಮೂವರು ಜೂನಿಯರುಗಳನ್ನೂ ಇಟ್ಟುಕೊಂಡಿದ್ದರು. ಅವರು ವ್ಯಾನುಗಳ ಬಗ್ಗೆ ಉತ್ತರ ಬರೆಯುವ ಗೋಜಿಗೇ ಹೋಗದೆ, ಮೊದಲನೇ ಪುಟದ ಮೊದಲನೇ ಸಾಲಿನಲ್ಲೇ ಸಹಿಯ ತಕರಾರು ಎತ್ತಿ, ಅರ್ಜಿಯನ್ನು ಬಾಗಿಲಲ್ಲೇ ವಜಾ ಮಾಡಿ ಎಂದು ಕೇಳಿದರು.

ಅದರ ಮೇಲಿನ ವಾದ ನವೆಂಬರಿನಲ್ಲಿ ನಡೆಯಿತು. ನ್ಯಾಯಮೂರ್ತಿಗಳು ಮೆಲುದನಿಯವರು, ಎಲ್ಲರನ್ನೂ ಕೊನೆಯ ತನಕ ಕೇಳುವವರು. ಅಂಬುಜಮ್ಮ ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದರು. ಗುರುಚರಣ ಕಂಬದ ಪಕ್ಕ ನಿಂತಿದ್ದ. ಕೂರುವ ಜಾಗವಿತ್ತು, ಕೂರಲು ಆಗುತ್ತಿರಲಿಲ್ಲ.

ವಿಷ್ಣುಮೂರ್ತಿ ಆ ದಿನ ಗ್ಯಾಸ್ ಸಿಲಿಂಡರಿಗೆ ವಾದಿಸುತ್ತಿದ್ದವರಲ್ಲ. ನಕಲಿನಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ, ಎದುರಿನವರಿಗೆ ಒಂದಿಷ್ಟೂ ತೊಂದರೆಯಾಗಿಲ್ಲ, ಕಾನೂನಿನ ಉದ್ದೇಶ ಪೂರೈಸಿದೆ, ಒಬ್ಬ ಮತದಾರರು ಎತ್ತಿದ ಇಷ್ಟು ದೊಡ್ಡ ಪ್ರಶ್ನೆಯನ್ನು ಒಂದು ಸಹಿಯ ಜಾಗಕ್ಕಾಗಿ ಕೇಳದೆ ಬಿಡಬೇಡಿ ಎಂದು ಒಂದು ಗಂಟೆ ವಾದಿಸಿದರು.

"ಅರ್ಜಿದಾರರು ಆ ದಿನ ನಿಮ್ಮ ಕಚೇರಿಯಲ್ಲೇ ಇದ್ದರಲ್ಲವೇ?" ನ್ಯಾಯಮೂರ್ತಿಗಳು ಕೇಳಿದರು.

"ಇದ್ದರು, ಮೈಲಾರ್ಡ್."

"ಮತ್ತೆ ಯಾಕೆ ಹಾಕಿಸಲಿಲ್ಲ?"

ಗುರುಚರಣ ಕಂಬಕ್ಕೆ ಇನ್ನಷ್ಟು ಅಂಟಿಕೊಂಡ. ತನ್ನ ಹೆಸರು ಈಗ ಬರುತ್ತದೆ, ಹೈಕೋರ್ಟಿನಲ್ಲಿ ತನ್ನ ಹೆಸರು ಮೊದಲ ಸಲ ಉಚ್ಚಾರವಾಗುವುದು ಹೀಗೆ ಎಂದುಕೊಂಡ. "ನನ್ನ ತಪ್ಪು, ಮೈಲಾರ್ಡ್," ಎಂದರು ವಿಷ್ಣುಮೂರ್ತಿ.

ಆದೇಶ ಫೆಬ್ರವರಿಯಲ್ಲಿ ಬಂತು. ಹತ್ತೊಂಬತ್ತು ಪುಟ. ನ್ಯಾಯಮೂರ್ತಿಗಳು ಕೊನೆಯ ಭಾಗ ಮಾತ್ರ ಓದಿದರು. ಸಾವಿರಾರು ಜನ ಮತ ಹಾಕಿ ಕೊಟ್ಟ ಗೆಲುವನ್ನು ಭ್ರಷ್ಟವೆಂದು ಹೇಳುವುದು ಸಣ್ಣ ಆರೋಪವಲ್ಲ. ಹೇಳುವವರು ಎದುರಿನವರ ಕೈಗೆ ಕೊಡುವ ಕಾಗದಕ್ಕೆ ತಾವೇ ಹೊಣೆ ಎಂದು ಸ್ವತಃ ಸಹಿ ಹಾಕಬೇಕು ಎಂದು ಶಾಸನ ಕೇಳುವುದು ಅದಕ್ಕೇ. ಆ ಹೊಣೆಯನ್ನು ವಕೀಲರು ಅವರ ಪರವಾಗಿ ಹೊರಲಾಗದು. ವಜಾ ಮಾಡತಕ್ಕದ್ದು ಎಂದು ಶಾಸನ ಹೇಳಿರುವಲ್ಲಿ ಮಾಡಬಹುದು ಎಂದು ಓದಿಕೊಳ್ಳುವ ಸ್ವಾತಂತ್ರ್ಯ ತಮಗಿಲ್ಲ. ಅರ್ಜಿ ವಜಾ.

ಹೊರಗೆ ಕಾರಿಡಾರಿನಲ್ಲಿ, ಕೋರ್ಟಿನ ಗುಮಾಸ್ತನ ಬಳಿ ಆದೇಶ ಪೂರ್ತಿ ತಿರುವಿ ನೋಡಿ ಬಂದ ಗುರುಚರಣ ಅಂಬುಜಮ್ಮನ ಮುಖ ನೋಡಲಾರದೆ ಅವರ ಕ್ಯಾನ್ವಾಸ್ ಬೂಟು ನೋಡುತ್ತ ನಿಂತ.

"ಆತ ಹೇಳಿದ್ದು ಸರಿ ಕಣೋ," ಎಂದರು ಅವರು. "ಸಹಿ ಇಲ್ಲದ ಕಾಗದ ನನ್ನ ಮುಂದೆ ಬಂದಿದ್ದರೂ ನಾನು ವಾಪಸು ಕಳಿಸ್ತಿದ್ದೆ." ಸ್ವಲ್ಪ ದೂರ ನಡೆದರು. ಮೆಟ್ಟಿಲ ಹತ್ತಿರ ನಿಂತರು. "ಹತ್ತೊಂಬತ್ತು ಪುಟದಲ್ಲಿ ವ್ಯಾನಿನ ಮಾತು ಎಲ್ಲಾದರೂ ಇದೆಯೇನೋ?"

"ಇಲ್ಲ, ಮಾಮಿ."

"ಒಂದು ಸಾಲು?"

"ಇಲ್ಲ."

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಸುಪ್ರೀಂ ಕೋರ್ಟಿಗೆ ಹೋಗೋಣ ಎಂದು ವಿಷ್ಣುಮೂರ್ತಿ ಫೋನು ಮಾಡಿದಾಗ, ತಪ್ಪು ನಮ್ಮದಾಗಿರುವಾಗ ಅಪೀಲು ಯಾತಕ್ಕೆ ಎಂದರಂತೆ.

ಆ ಆದೇಶ ಕಾನೂನು ವರದಿಗಳಲ್ಲಿ ಅಚ್ಚಾಯಿತು. ತಂಬುಚೆಟ್ಟಿ ಬೀದಿಯ ಗುಮಾಸ್ತರು ಅದನ್ನು ಬಾಯಿಪಾಠ ಮಾಡಿಕೊಂಡರು. ಆಮೇಲೆ ಚುನಾವಣಾ ಅರ್ಜಿ ಹಾಕುವ ಯಾವ ಕಚೇರಿಯಲ್ಲಾದರೂ ಅರ್ಜಿದಾರರನ್ನು ಹಿಡಿದು ಕೂರಿಸಿ, ಪ್ರತಿ ನಕಲಿನ ಪ್ರತಿ ಹಾಳೆಗೂ ಸಹಿ ಹಾಕಿಸಿ, ಕಾಫಿ ಕೊಟ್ಟು, ಮತ್ತೊಂದು ಸಲ ಎಣಿಸಿಯೇ ಮನೆಗೆ ಬಿಡುತ್ತಿದ್ದರು. ವಕೀಲನಾಗದೆಯೇ ಗುರುಚರಣ ಊರಿನ ಚುನಾವಣಾ ಕಾನೂನಿಗೆ ಒಂದು ಕೊಡುಗೆ ಕೊಟ್ಟಿದ್ದ. ಅದರಲ್ಲಿ ಅವನ ಹೆಸರು ಎಲ್ಲೂ ಇರಲಿಲ್ಲ. ಆ ಬಗ್ಗೆ ಮೊದಲು ನೆಮ್ಮದಿಯಾಯಿತು, ನೆಮ್ಮದಿಯಾದದ್ದಕ್ಕೆ ನಾಚಿಕೆಯಾಯಿತು. ಆ ಎರಡರ ನಡುವೆ ಓಡಾಡುವುದರಲ್ಲಿ ನಾಲ್ಕು ವರ್ಷ ಕಳೆಯಿತು. ಬೀದಿಯವರು ಕೇಸಿನ ಮಾತೆತ್ತಿದರೆ ಈಗ, "ನಾನು ಗುಮಾಸ್ತ, ವಕೀಲರನ್ನು ಕೇಳಿ," ಎನ್ನುತ್ತಿದ್ದ. ಇದರಿಂದ ಅವರಿಗೆ ಅವನ ಮೇಲೆ ಗೌರವ ಹೆಚ್ಚಿತು. ದೊಡ್ಡ ವಕೀಲರು ಹೀಗೇ ವಿನಯದಿಂದ ಮಾತಾಡುತ್ತಾರೆ ಎಂದುಕೊಂಡರು.

ಎರಡು ಸಾವಿರದ ಆರರ ಮೇ ತಿಂಗಳಲ್ಲಿ ಮತ್ತೆ ಚುನಾವಣೆ ನಡೆಯಿತು. ಆ ಕ್ಷೇತ್ರದಲ್ಲಿ ಅದೇ ಮನುಷ್ಯ ಮತ್ತೆ ಗೆದ್ದ. ಜೂನಿನ ಒಂದು ಬೆಳಿಗ್ಗೆ ಕಚೇರಿಯ ಫೋನು ಹೊಡೆದುಕೊಂಡಿತು. ಅರ್ಮೇನಿಯನ್ ಬೀದಿಯ ಒಂದು ವಕೀಲರ ಕಚೇರಿಯ ಗುಮಾಸ್ತ ತಿರುಮಲ.

"ಗುರು, ಒಂದು ಸಹಾಯ ಬೇಕಿತ್ತು. ಎಲೆಕ್ಷನ್ ಪೆಟಿಷನ್ ಹಾಕ್ತಿದೀವಿ. ನಕಲಿಗೆ ಏನೇನು ಆಗ್ಬೇಕು, ಒಂದೊಂದಾಗಿ ಹೇಳಪ್ಪ, ಬರ್ಕೋತೀನಿ."

"ನನ್ನನ್ನ ಯಾಕೆ ಕೇಳ್ತೀಯ? ಪುಸ್ತಕದಲ್ಲಿ ಇದೆ."

"ನಮ್ಮ ಕಕ್ಷಿದಾರ್ರೇ ಹೇಳಿದ್ರು, ನಿನ್ನ ಕೇಳು ಅಂತ. ವಯಸ್ಸಾದವರು, ಕ್ಯಾನ್ವಾಸ್ ಬೂಟು ಹಾಕ್ಕೊಂಡು ಬರ್ತಾರೆ. ಈ ಊರಲ್ಲಿ ಆ ಒಂದು ತಪ್ಪು ಮತ್ತೆ ಮಾಡದೆ ಇರೋವನು ಅವನೊಬ್ಬನೇ ಅಂದ್ರು."

ಗುರುಚರಣ ಕುರ್ಚಿಯಿಂದ ಎದ್ದ. ಫೋನಿನ ತಂತಿ ಎಷ್ಟು ಬಿಡುತ್ತದೋ ಅಷ್ಟು ದೂರ ಅತ್ತಿತ್ತ ನಡೆದ. "ನಮ್ಮ ಸಾರ್ ಹತ್ರ ಯಾಕೆ ಬರಲಿಲ್ಲವಂತೆ?"

"ಕೇಳಿದೆ. ಆಡಿಟ್‌ನವರು ಒಂದೇ ಆಫೀಸಿಗೆ ಎರಡನೇ ಸಲ ಹೋಗಬಾರದಂತೆ. ಅದೇನು ರೂಲೋ, ನನಗೆ ಗೊತ್ತಿಲ್ಲ."

"ವ್ಯಾನು ಎಷ್ಟು ಈ ಸಲ?"

"ಐವತ್ತೆಂಟು. ಅದು ಹೇಗ್ ಗೊತ್ತಾಯ್ತು ನಿನಗೆ?"

ಅವನು ಒಂದೊಂದಾಗಿ ಹೇಳತೊಡಗಿದ. ಮೂಲಪ್ರತಿಗೆ ಎಲ್ಲಿ, ನಕಲಿಗೆ ಎಲ್ಲಿ, ಪ್ರಮಾಣಪತ್ರದ ಮೊಹರು ನಕಲಿನಲ್ಲೂ ಕಾಣುವ ಹಾಗೆ ಜೆರಾಕ್ಸ್ ಯಾವಾಗ ಮಾಡಿಸಬೇಕು, ಠೇವಣಿ ಎಷ್ಟು. ತಿರುಮಲ ಮೂರು ಸಲ, "ಸಾಕಪ್ಪ," ಎಂದ. ಗುರುಚರಣ ಬಿಡಲಿಲ್ಲ. ಕಡೆಗೆ ಹೇಳಿದ: "ಮುದ್ರೆ ಇದ್ದರೆ ಅವತ್ತೊಂದು ದಿನ ಕಪಾಟಿನಲ್ಲಿಟ್ಟು ಬೀಗ ಹಾಕು."

ಅರ್ಜಿ ದಾಖಲಾಯಿತು. ಈ ಸಲವೂ ಎದುರಿನವರು ತಕರಾರು ಎತ್ತಿದರು, ಸಹಿಯದಲ್ಲ. ಸಹಿಯಲ್ಲಿ ಅವರಿಗೆ ಏನೂ ಸಿಗಲಿಲ್ಲ. ಆರೋಪಗಳಲ್ಲಿ ವಿವರ ಸಾಲದು ಎಂದರು. ಹೊಸ ನ್ಯಾಯಮೂರ್ತಿಗಳು ಐವತ್ತೆಂಟು ವ್ಯಾನಿನ ಪಟ್ಟಿಯನ್ನು ಎತ್ತಿ ತೋರಿಸಿ, ಇದಕ್ಕಿಂತ ಹೆಚ್ಚು ವಿವರ ಬೇಕಾದರೆ ಡ್ರೈವರುಗಳ ಜಾತಕ ಕೊಡಬೇಕಾಗುತ್ತದೆ ಎಂದರಂತೆ. ಪಕ್ಷದ ಖರ್ಚಿನ ಹಿತ್ತಲ ಬಾಗಿಲನ್ನೂ ಈ ನಡುವೆ ಸಂಸತ್ತು ಮುಕ್ಕಾಲು ಪಾಲು ಮುಚ್ಚಿತ್ತು. ಉಳಿದ ಕಾಲು ಪಾಲು ಎಷ್ಟು ಅಗಲ ಎಂಬುದನ್ನು ಈ ನ್ಯಾಯಮೂರ್ತಿಗಳೇ ಹೇಳಬೇಕಿತ್ತು. ಇವೆಲ್ಲ ಗುರುಚರಣ ತಿರುಮಲನ ಮೂಲಕ ತಿಳಿದುಕೊಂಡಿದ್ದು. ಅಂಬುಜಮ್ಮನ ಎದುರಿಗೆ ಹೋಗುವ ಧೈರ್ಯ ಅವನಿಗಿರಲಿಲ್ಲ.

ಸಾಕ್ಷಿ ವಿಚಾರಣೆಯ ದಿನ ಅವನಿಗೆ ಬೇರೊಂದು ಕೋರ್ಟ್ ಹಾಲಿನಲ್ಲಿ ಕೆಲಸವಿತ್ತು. ವಿಷ್ಣುಮೂರ್ತಿ ಅಲ್ಲಿ ವಾಯಿದೆ ಕೇಳಬೇಕು, ಅವರಿಗೆ ಕಟ್ಟು ತಲುಪಿಸಬೇಕು. ದಾರಿಯಲ್ಲೇ ಆ ಹಾಲು. ಐದು ನಿಮಿಷ ಎಂದುಕೊಂಡು ಬಾಗಿಲ ಬಳಿ ನಿಂತ.

ಅಂಬುಜಮ್ಮ ಬೋನಿನಲ್ಲಿದ್ದರು. ಸ್ವಲ್ಪ ಬಾಗಿದ್ದರು, ಕನ್ನಡಕ ದಪ್ಪವಾಗಿತ್ತು. ಪ್ರಮಾಣ ಮಾಡಿಸಿದರು. ಪಟ್ಟಿಯನ್ನು ಅವರ ಕೈಗೆ ಕೊಟ್ಟು ಅವರ ವಕೀಲರು, ಇದನ್ನು ಬರೆದವರು ಯಾರು ಎಂದು ಕೇಳಿದರು.

"ನಾನು."

"ಎಲ್ಲಿ ಕೂತು?"

"ನಮ್ಮ ಮನೆ ಜಗಲಿಯಲ್ಲಿ."

ಎದುರಿನ ವಕೀಲರು ಅರ್ಧ ಎದ್ದರು. ನ್ಯಾಯಮೂರ್ತಿಗಳು ಕೈಯಲ್ಲೇ ಅವರನ್ನು ಕೂರಿಸಿ, "ಮೊದಲನೆಯದರಿಂದ ಹೇಳಿ ಅಮ್ಮಾ, ನಿಧಾನವಾಗಿ, ಬರೆದುಕೊಳ್ಳಬೇಕು," ಎಂದರು. ಸ್ಟೆನೋ ಪೆನ್ಸಿಲು ಎತ್ತಿದ.

ಅಂಬುಜಮ್ಮ ಪಟ್ಟಿ ನೋಡಲಿಲ್ಲ. ನಂಬರು ಹೇಳಿದರು, ದಿನ ಹೇಳಿದರು, ಗಂಟೆ ಹೇಳಿದರು, ಮೇಲೆ ಎರಡು ಧ್ವನಿವರ್ಧಕ ಎಂದರು. ನ್ಯಾಯಮೂರ್ತಿಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಒಂದು ವ್ಯಾನು ಹೈಕೋರ್ಟಿನ ಕಾಗದಕ್ಕೆ ಹತ್ತಿತು.

"ಎರಡನೇದು," ಎಂದರು ಅಂಬುಜಮ್ಮ.

ತಿರುಮಲ ಮುಂದಿನ ಬೆಂಚಿನಿಂದ ತಿರುಗಿ, ಬಾ ಕೂತ್ಕೋ ಎಂದು ಸನ್ನೆ ಮಾಡಿದ. ಗುರುಚರಣ ತಲೆಯಾಡಿಸಿ ನಿಂತೇ ಇದ್ದ. ಕಂಕುಳಲ್ಲಿ ವಿಷ್ಣುಮೂರ್ತಿಗಳ ಕಟ್ಟು ಬೆವರಿಗೆ ಒದ್ದೆಯಾಗುತ್ತಿತ್ತು. ಅಲ್ಲಿ ಅವರ ಕೇಸನ್ನು ಈಗಾಗಲೇ ಕರೆದಿರಬೇಕು, ಅವರು ಬಾಗಿಲ ಕಡೆ ನೋಡುತ್ತಿರಬೇಕು. ಹೋಗಬೇಕು ಎಂದು ಒಂದು ಹೆಜ್ಜೆ ಇಟ್ಟ. ಅಂಬುಜಮ್ಮ ಮೂರನೆಯದಕ್ಕೆ ಬಂದಿದ್ದರು. ಇದೊಂದು ಕೇಳಿ ಹೋಗೋಣ ಎಂದು ನಿಂತ.